ಸ್ಪಷ್ಟನೆ: ಹಳ್ಳಿಮನೆಗಳಿಗೆ ಬಿಟ್ಟಿ ಇಂಟರ್ನೆಟ್ ಅಲ್ಲ

ಅಮೆರಿಕದಲ್ಲಿ 4,245 ಕೋಟಿ ಡಾಲರ್ ಖರ್ಚಿನಲ್ಲಿ ಹಳ್ಳಿಯ ಪ್ರತಿ ಮನೆಗೂ ಉಚಿತ ಇಂಟರ್ನೆಟ್ ಕೊಡುತ್ತಾರೆ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು. ಮೊತ್ತವೇನೋ ಸರಿ, 2021ರ ಮೂಲಸೌಕರ್ಯ ಕಾಯ್ದೆಯಡಿ ಮೀಸಲಿಟ್ಟದ್ದು. ಆದರೆ ಅದರ ಮುಖ್ಯ ಉದ್ದೇಶ ಸಂಪರ್ಕಜಾಲ ನಿರ್ಮಾಣ. ಹಣ ರಾಜ್ಯಗಳ ಮೂಲಕ ಕಂಪನಿಗಳಿಗೆ, ಸಹಕಾರ ಸಂಘಗಳಿಗೆ ಹೋಗುತ್ತದೆ. ವೆಚ್ಚದಲ್ಲಿ ಸಾಮಾನ್ಯವಾಗಿ ಕಾಲು ಭಾಗವನ್ನು ಬೇರೆಡೆಯಿಂದ ಹೊಂದಿಸಬೇಕು. ಡೌನ್‌ಲೋಡ್ ವೇಗ ಕನಿಷ್ಠ 100 ಎಂಬಿಪಿಎಸ್, ಅಪ್‌ಲೋಡ್ 20 ಇರಲೇಬೇಕು. ಅರ್ಹ ಬಡ ಕುಟುಂಬಗಳಿಗೆ ಕಡಿಮೆ ದರದ ಪ್ಲಾನ್ ಕೊಡಬೇಕೆಂಬ ಷರತ್ತೂ ಇದೆ, ಆದರೆ ತಿಂಗಳ ಬಿಲ್ ಕಟ್ಟುವವರು ಮನೆಯವರೇ.

ಬಿಲ್ಲಿನಲ್ಲಿ ತಿಂಗಳಿಗೆ 30 ಡಾಲರ್‌ವರೆಗೆ ರಿಯಾಯಿತಿ ಕೊಡುತ್ತಿದ್ದದ್ದು ಬೇರೆಯೇ ಯೋಜನೆ. ಹಣ ಮುಗಿದು 2024ರ ಜೂನ್‌ನಲ್ಲಿ ಅದು ನಿಂತುಹೋಯಿತು. ಎರಡನ್ನೂ ಕಲಸಿದ್ದರಿಂದಲೇ ಈ ಗೊಂದಲ ಹುಟ್ಟಿರಬೇಕು. ಬಿಲ್ ಕಟ್ಟಲಾಗದ ಕುಟುಂಬಗಳಿಗೆ ಇಂಥ ಸುಳ್ಳು ಆಸೆ ಹುಟ್ಟಿಸಬೇಡಿ; ದಯವಿಟ್ಟು ಸಂದೇಶವನ್ನು ಮುಂದೆ ಕಳಿಸಬೇಡಿ.