ಜಿಂಕೆ ನೆಲ್ಲಿಯ ಶತ್ರು ಅಲ್ಲ

'ಕಾಡಿನಲ್ಲಿ ನೆಲ್ಲಿಕಾಯಿಯನ್ನೆಲ್ಲ ಜಿಂಕೆಗಳೇ ತಿಂದು ಮುಗಿಸುತ್ತಿವೆ, ಅದಕ್ಕೇ ಹೊಸ ಗಿಡ ಏಳುತ್ತಿಲ್ಲ' ಅನ್ನುವ ಸಂದೇಶವೊಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಮೊದಲ ಅರ್ಧ ಸ್ವಲ್ಪ ನಿಜ. ಜಿಂಕೆಗೆ ನೆಲ್ಲಿ ಅಂದರೆ ಪ್ರಾಣ. ಆದರೆ ಎರಡನೇ ಅರ್ಧ ತಲೆಕೆಳಗು.

ಜಿಂಕೆ ಮೆಲುಕು ಹಾಕುವ ಪ್ರಾಣಿ, ನಮ್ಮ ಹಸುವಿನ ಹಾಗೆ. ಮರದಡಿ ಉದುರಿದ ಕಾಯಿಗಳನ್ನು ಗಬಗಬ ನುಂಗಿ ಹೋಗುತ್ತದೆ. ಆಮೇಲೆ ಎಲ್ಲೋ ದೂರದ ನೆರಳಲ್ಲಿ ಮಲಗಿ ಮೆಲುಕು ಹಾಕುವಾಗ ಗಟ್ಟಿ ಗೊರಟನ್ನು ಉಗುಳಿಬಿಡುತ್ತದೆ. ತಿರುಳು ಹೊಟ್ಟೆಗೆ, ಗೊರಟು ನೆಲಕ್ಕೆ. ಬೀಜಕ್ಕೆ ಏನೂ ಆಗುವುದಿಲ್ಲ.

ಮುಂದಿನದು ಇನ್ನೂ ಮಜಾ. ಮನೆಯಲ್ಲೇ ನೋಡಬಹುದು. ತಿಂದು ಉಳಿದ ನೆಲ್ಲಿ ಗೊರಟನ್ನು ಕೆಲವು ದಿನ ಬಿಸಿಲಿಗಿಡಿ. ಒಣಗಿದಂತೆ ಟಪ್ ಅಂತ ಸೀಳಿಕೊಳ್ಳುತ್ತದೆ. ಒಳಗೆ ಮೂರು ಕೋಣೆ, ಒಂದೊಂದರಲ್ಲಿ ಎರಡು ಪುಟ್ಟ ಕಂದು ಬೀಜ. ತಿರುಳು ಅಂಟಿಕೊಂಡಿದ್ದರೆ ಗೊರಟು ಹೀಗೆ ಒಣಗುವುದು ಕಷ್ಟ. ಆ ತಿರುಳು ಬಿಡಿಸುವ ಕೆಲಸವನ್ನೇ ಜಿಂಕೆ ಪುಕ್ಕಟೆ ಮಾಡಿಕೊಡುವುದು, ಅಲ್ವಾ?

ಹಾಗಾದರೆ ನೆಲ್ಲಿಗೆ ತೊಂದರೆ ಇಲ್ಲವೇ? ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ನೆಲ್ಲಿ ಕೊಯ್ದವರು. ಅವರನ್ನು ಕೇಳಿದರೆ ಬೊಟ್ಟು ಮಾಡುವುದು ಕೊಂಬೆಯ ಮೇಲಿನ ಬಂದಳಿಕೆಯ ಕಡೆಗೆ, ನೆಲ ಮುಚ್ಚಿದ ಲಂಟಾನದ ಕಡೆಗೆ. ಬಂದಳಿಕೆಯನ್ನು ಅವರು 'ಉಪ್ಪಿಲು' ಅನ್ನುತ್ತಾರೆ. ಅದು ಮರದ ಸಾರವನ್ನೇ ಹೀರುತ್ತದೆ. ತಮಾಷೆ ಅಂದರೆ, ಆ ಬಂದಳಿಕೆಯ ಬೀಜ ಹರಡುವುದೂ ಹಣ್ಣು ತಿನ್ನುವ ಪುಟಾಣಿ ಹಕ್ಕಿಗಳೇ. ಜಿಂಕೆಯನ್ನು ಸುಮ್ನೆ ಬೈಯುತ್ತಿದ್ದೇವೆ.