ಅಮಾವಾಸ್ಯೆಯ ಪುರಾತತ್ವಜ್ಞರು

ಮತ್ತೆ ಅದೇ ಸುದ್ದಿ: ನಿಧಿಯಾಸೆಗೆ ಪ್ರಾಚೀನ ಕಲ್ಲುಗೋರಿ ಅಗೆದರು. ಹಾವೇರಿ ಕಡೆಯ ಗುಡ್ಡ, ಅಮಾವಾಸ್ಯೆಯ ರಾತ್ರಿ, ಕಿತ್ತು ಬಿಸಾಡಿದ ಚಪ್ಪಡಿಗಳು, ಅರಿಸಿನ, ಕುಂಕುಮ, ಮೂರು ನಿಂಬೆಹಣ್ಣು. ಗುಂಡಿಯ ಸುತ್ತ ಜನ ಮದುವೆಯ ಫೋಟೊಕ್ಕೆ ನಿಂತಂತೆ ನಿಂತಿದ್ದಾರೆ.

ನನಗಂತೂ ನಿಧಿಗಳ್ಳರ ಮೇಲೆ ಗೌರವ ಹೆಚ್ಚುತ್ತಿದೆ. ಧಾರವಾಡದಲ್ಲಿ ಪುರಾತತ್ವದ ಪಾಠ ಹೇಳುತ್ತಿದ್ದ ಅ. ಸುಂದರ ಅವರು ಇಂಥ ಕಲ್ಲುಕೋಣೆಗಳನ್ನು ಹುಡುಕಿಕೊಂಡು ವರ್ಷಗಟ್ಟಲೆ ಅಲೆದರು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವೀಲರ್ ಸಾಹೇಬರು ಮಣ್ಣನ್ನು ಪದರ ಪದರವಾಗಿ ಬಿಡಿಸಿದರು. ಪಾಪ, ಹಾರೆಯ ಮಹಿಮೆ ಗೊತ್ತಿರಲಿಲ್ಲ. ನಮ್ಮವರದು ಒಂದೇ ರಾತ್ರಿಯ ಉತ್ಖನನ. ಅನುದಾನ ಬೇಡ, ಟೆಂಡರ್ ಬೇಡ, ವರದಿಯಂತೂ ಬೇಡವೇ ಬೇಡ. ಜಿಲ್ಲೆಯಲ್ಲಿ ಇಟ್ಟ ಮುಹೂರ್ತಕ್ಕೆ ಸರಿಯಾಗಿ ಶುರುವಾಗುವ ಕಾಮಗಾರಿ ಇದೊಂದೇ.

ಚಪ್ಪಡಿಗಳೂ ದಂಡವಾಗುವುದಿಲ್ಲ. ಒಂದು ಗಟಾರದ ಮೇಲೆ, ಒಂದು ಬಟ್ಟೆ ಒಗೆಯಲು, ಒಂದು ಹರಟೆಕಟ್ಟೆಗೆ. ದುಂಡು ಕಿಂಡಿಯ ಕಲ್ಲಿಗೆ ಮಾತ್ರ ಗಿರಾಕಿ ಕಡಿಮೆ. ಸತ್ತವರ ಕೋಣೆಗೆ ಕಿಂಡಿ ಏಕೆ ಎಂದು ವಿದ್ವಾಂಸರು ಚರ್ಚಿಸುತ್ತಲೇ ಇದ್ದಾರೆ. ಎಮ್ಮೆಯ ಹಗ್ಗ ಕಟ್ಟಲಿಕ್ಕೆ ಎಂದು ಊರಿನವರು ಎಂದೋ ತೀರ್ಮಾನಿಸಿದ್ದಾರೆ.

ಒಳಗೆ ಸಿಗುವುದಾದರೂ ಏನು? ಸಾಮಾನ್ಯವಾಗಿ ಕಪ್ಪು-ಕೆಂಪು ಮಡಕೆ, ತುಕ್ಕು ತಿಂದ ಕಬ್ಬಿಣ, ಎಲುಬು. ಇದೇ ಜಿಲ್ಲೆಯ ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ 1965ರಲ್ಲಿ ಅಗೆದಾಗ ಸಿಕ್ಕ ಕಬ್ಬಿಣಕ್ಕೆ ಸುಮಾರು 3000 ವರ್ಷದ ವಯಸ್ಸು ಬಂದು, ದಕ್ಷಿಣದ ಕಬ್ಬಿಣದ ಕಥೆಯೇ ಹಿಂದಕ್ಕೆ ಸರಿಯಿತು. ನಿಧಿಗಳ್ಳನಿಗೆ ಅದು ಗುಜರಿ. ಬಂಗಾರವಿಲ್ಲದ ಸಿಟ್ಟನ್ನು ಮಡಕೆಯ ಮೇಲೆ ತೀರಿಸಿಕೊಂಡು ಮನೆಗೆ ಹೋಗುತ್ತಾನೆ.

ಅದು ಗೋರಿ. ಯಾರೋ ತಮ್ಮವರ ಎಲುಬುಗಳನ್ನು ಆಯ್ದು ತಂದು, ಪಕ್ಕದಲ್ಲಿ ಮಡಕೆಯಿಟ್ಟು, ಹೆಗಲು ಮುರಿಯುವಂಥ ಕಲ್ಲು ಎಳೆದು ಮುಚ್ಚಿದ ಜಾಗ. ನಮ್ಮ ಅಜ್ಜಿಯ ಗೋರಿಗೆ ಹಾರೆ ಹಾಕಿದ್ದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ಈ ಸತ್ತವರಿಗೆ ವಾರಸುದಾರರಿಲ್ಲ, ಓಟೂ ಇಲ್ಲ. ಬರೆದು ಬರೆದು ನನಗೂ ಸಾಕಾಗಿದೆ.

ಇರಲಿ. ಬ್ರಿಟಿಷರ 1878ರ ನಿಧಿ ಕಾಯ್ದೆಯ ಪ್ರಕಾರ, ನೆಲದಲ್ಲಿ ಅಡಗಿದ್ದು ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದಾಗಿದ್ದರೆ ಕಲೆಕ್ಟರ್ ಸಾಹೇಬರಿಗೆ ಬರೆದು ತಿಳಿಸಬೇಕಿತ್ತು. ಈ ಬೇಸಿಗೆಯ ದರದಲ್ಲಿ ಗುಂಡಿಯೊಳಗಿನ ಆ ಮೂರು ನಿಂಬೆಹಣ್ಣು ಹತ್ತು ರೂಪಾಯಿ ದಾಟುತ್ತವೆ. ಅರ್ಜಿ ಯಾರು ಬರೆಯುತ್ತೀರಿ?