ಬಾಣ ತೆಗೆದದ್ದು ಸರಿ, ಕಾರಣ ಬೇರೆ

ವಿಡಿಯೋ ಗೇಮ್‌ಗಳಲ್ಲಿ 'ವಾಸ್ತವಿಕತೆ ಹೆಚ್ಚಿದಷ್ಟೂ ಮಜಾ ಕಡಿಮೆ' ಅಂತ ಒಂದು ಲೇಖನ ಮಾಡೋ ವಾದ ಅರ್ಧ ಸತ್ಯ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನೋ ಆನ್‌ಲೈನ್ ಆಟದಲ್ಲಿ 2010ರಲ್ಲಿ ಹಂಟರ್‌ಗಳ (ಬೇಟೆಗಾರ ಪಾತ್ರಗಳ) ಬಾಣ ಖರ್ಚಾಗಿ ಮುಗಿಯುವ ಲೆಕ್ಕ ತೆಗೆದಾಗ ಆಟಕ್ಕೇನೂ ನಷ್ಟವಾಗಲಿಲ್ಲ, ಯಾಕಂದ್ರೆ ಅಲ್ಲಿ ತಲೆ ಓಡಿಸುವಂಥದ್ದೇ ಇರಲಿಲ್ಲ. ಬತ್ತಳಿಕೆ ಒಂದು ಬ್ಯಾಗಿನ ಜಾಗ ತಿನ್ನುತ್ತಿತ್ತು. ಐವರ ತಂಡ ಡಂಜನ್‌ಗೆ (ರಾಕ್ಷಸರ ಗುಹೆಯಂಥ ಜಾಗಕ್ಕೆ) ಹೋದಾಗ ಮಧ್ಯೆ ಬಾಣ ಮುಗಿದರೆ ಉಳಿದ ನಾಲ್ವರಿಗೂ ಶಿಕ್ಷೆ.

ಆದರೆ ವಾಸ್ತವಿಕತೆಯೇ ಮಜಾ ಕೊಡಬಹುದು ಅನ್ನೋದಕ್ಕೆ ಅದೇ ಆಟದ ವಿಶ್ರಾಂತಿ ವ್ಯವಸ್ಥೆ ನೋಡಿ. ಬೀಟಾದಲ್ಲಿ (ಬಿಡುಗಡೆಗೆ ಮುಂಚಿನ ಪರೀಕ್ಷಾ ಆವೃತ್ತಿಯಲ್ಲಿ) ಜಾಸ್ತಿ ಹೊತ್ತು ಆಡಿದರೆ ದಣಿವು, ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಕಡಿತ. ಜನ ಸಿಟ್ಟಾದರು. ಆಮೇಲೆ ಅದನ್ನೇ ತಿರುಗಿಸಿ ಬೋನಸ್ ಅಂದರು: ಆಟದೊಳಗಿನ ಇನ್‌ನಲ್ಲಿ (ಛತ್ರದಲ್ಲಿ) ಲಾಗ್ಔಟ್ ಆದರೆ 8 ಗಂಟೆಗೆ ಒಂದು ಲೆವೆಲ್‌ಗೆ ಬೇಕಾದ ಎಕ್ಸ್‌ಪಿಯ 5% ಬೋನಸ್ ಜಮಾ, ಅದು ಕರಗುವ ತನಕ ಪ್ರತಿ ಬೇಟೆಗೆ ದುಪ್ಪಟ್ಟು ಎಕ್ಸ್‌ಪಿ (ಕ್ವೆಸ್ಟ್‌ಗೆ, ಅಂದ್ರೆ ಆಟ ಕೊಡುವ ಕೆಲಸಗಳಿಗೆ, ಇಲ್ಲ). ಬಯಲಲ್ಲಿ ಮಲಗಿದರೆ ಕಾಲು ಭಾಗ ಮಾತ್ರ, ಹಾಗಾಗಿ ಯಾರೂ ಹೇಳದೆಯೇ ಜನ ಊರು ಸೇರಿ ಮಲಗುತ್ತಾರೆ.